ಮರುಸ್ಥಾಪನೆಯ ನಂತರ ಮೈಎಸ್‌ಕ್ಯೂಎಲ್ ಏಳದಿದ್ದರೆ: ಹಂತ ಹಂತದ ಮಾರ್ಗದರ್ಶಿ

ಡೇಟಾಬೇಸ್ ನಡೆಸುವ ಮೈಎಸ್‌ಕ್ಯೂಎಲ್ ಸರ್ವರ್ ಕೈಕೊಟ್ಟಿತು, ತೆಗೆದು ಮತ್ತೆ ಹಾಕಿದೆವು, ಈಗ ಅದರ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಶುರುವಾಗುವುದೇ ಇಲ್ಲ. ಇನ್ನೊಮ್ಮೆ ತೆಗೆದು ಇನ್ನೊಮ್ಮೆ ಹಾಕಿದರೂ ಅದೇ ರಾಗ. ಈ ಸುಳಿಗೆ ಸಿಕ್ಕವರು ಮಾಡುವ ತಪ್ಪು ಬಹುತೇಕ ಒಂದೇ: ಅನ್‌ಇನ್‌ಸ್ಟಾಲ್ ಮಾಡಿದರೆ ಎಲ್ಲವೂ ಅಳಿಸಿಹೋಯಿತು ಎಂದುಕೊಳ್ಳುವುದು. ಹೋಗುವುದು ಪ್ರೋಗ್ರಾಂ ಮಾತ್ರ. ಡೇಟಾ ಫೋಲ್ಡರ್, ಕಾನ್ಫಿಗ್ ಫೈಲ್, ಕೆಲವೊಮ್ಮೆ ಸರ್ವಿಸ್‌ನ ನೋಂದಣಿ ಕೂಡ ಇದ್ದಲ್ಲೇ ಇರುತ್ತವೆ. ಬೇಕೆಂದೇ ಹಾಗೆ ಉಳಿಸಿರುತ್ತಾರೆ, ಏಕೆಂದರೆ ನಿಮ್ಮ ದತ್ತಾಂಶವೆಲ್ಲ ಅಲ್ಲಿದೆ. ರೋಗವಿರುವುದೂ ಸಾಮಾನ್ಯವಾಗಿ ಆ ಉಳಿಕೆಯಲ್ಲೇ. ಅದನ್ನು ಬಿಟ್ಟು ಪ್ರೋಗ್ರಾಂ ಅನ್ನು ಹತ್ತು ಸಲ ಬದಲಿಸಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತೆ.

ಕೆಳಗಿನ ವಿವರಣೆ 8.0 ಮತ್ತು 8.4 ಆವೃತ್ತಿಗಳಿಗೆ, ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಹೊಂದುತ್ತದೆ. ಆಜ್ಞೆಗಳನ್ನು, ಫೈಲ್ ಹೆಸರುಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹಾಕಿಕೊಳ್ಳಿ, ದೊಡ್ಡ ಅಕ್ಷರ ಬೇಕಾದಲ್ಲಿ ಹೇಳಿದ್ದೇನೆ. ಹಂತಗಳ ಕ್ರಮವನ್ನು ಮಾತ್ರ ಹಿಂದುಮುಂದು ಮಾಡಬೇಡಿ.

## ಕೈಯಲ್ಲಿ ಏನಿರಬೇಕು

ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್, ಲಿನಕ್ಸ್ ಆದರೆ ಸುಡೊ ಅಧಿಕಾರ. ಫೈಲ್‌ನ ಎನ್‌ಕೋಡಿಂಗ್ ತೋರಿಸುವ ಒಂದು ಸಾದಾ ಎಡಿಟರ್. ಡೇಟಾ ಫೋಲ್ಡರ್ ಎಷ್ಟು ದೊಡ್ಡದೋ ಅಷ್ಟು ಖಾಲಿ ಜಾಗ. ಮೊದಲಿದ್ದ ಮೈಎಸ್‌ಕ್ಯೂಎಲ್‌ನ ಪೂರ್ಣ ಆವೃತ್ತಿ ಸಂಖ್ಯೆ, ಬರೀ ‘8’ ಅಲ್ಲ, 8.0.36 ಎಂಬಂತೆ ಮೂರೂ ಭಾಗ. ಹಳೆಯ ರೂಟ್ ಪಾಸ್‌ವರ್ಡ್ ನೆನಪಿದ್ದರೆ ಅದೃಷ್ಟ. ಅದು ಬೇಕಾಗುವ ಸಂದರ್ಭ ಹಂತ 5 ಮತ್ತು ಹಂತ 9ರಲ್ಲಿ ಬರುತ್ತದೆ.

## ಹಂತ 1: ಮುಟ್ಟುವ ಮೊದಲು ನಕಲು

ವಿಂಡೋಸ್‌ನಲ್ಲಿ ದತ್ತಾಂಶ ಇರುವುದು ಸಿ ಡ್ರೈವ್‌ನ ಪ್ರೋಗ್ರಾಂಡೇಟಾ ಫೋಲ್ಡರ್‌ನಲ್ಲಿ, ಪ್ರೋಗ್ರಾಂ ಫೈಲ್ಸ್‌ನಲ್ಲಿ ಅಲ್ಲ. ಪ್ರೋಗ್ರಾಂಡೇಟಾ ಸಾಮಾನ್ಯವಾಗಿ ಅಡಗಿರುತ್ತದೆ. ಅಡಗಿದ ಫೈಲ್‌ಗಳನ್ನು ತೋರಿಸುವ ಆಯ್ಕೆ ಹಾಕಿ, ಅದರೊಳಗೆ ಮೈಎಸ್‌ಕ್ಯೂಎಲ್, ಅದರೊಳಗೆ ‘ಮೈಎಸ್‌ಕ್ಯೂಎಲ್ ಸರ್ವರ್ 8.0’, ಅದರೊಳಗೆ ‘ಡೇಟಾ’ ಎಂದು ಇಳಿಯಿರಿ. ಲಿನಕ್ಸ್‌ನಲ್ಲಿ ಅದು /ವಾರ್/ಲಿಬ್/ಮೈಎಸ್‌ಕ್ಯೂಎಲ್.

ಸರ್ವಿಸ್ ಪೂರ್ತಿ ನಿಂತಿದೆ ಎಂದು ಖಚಿತಪಡಿಸಿಕೊಂಡು ಇಡೀ ಫೋಲ್ಡರ್ ಅನ್ನು ಬೇರೆ ಕಡೆಗೆ ನಕಲು ಮಾಡಿ. ಹೆಸರು ಬದಲಿಸಿ ಅಲ್ಲೇ ಇಡುವುದು ನಕಲಲ್ಲ. ‘ನನ್ನ ಡೇಟಾಬೇಸ್‌ನ ಫೋಲ್ಡರ್ ಒಂದನ್ನೇ ಎತ್ತಿಟ್ಟರೆ ಸಾಕು’ ಎಂಬ ಲೆಕ್ಕಾಚಾರವೂ ಬೇಡ. 8.0ರಿಂದ ಟೇಬಲ್‌ಗಳ ವಿವರವೆಲ್ಲ ಮೈಎಸ್‌ಕ್ಯೂಎಲ್ ಡಾಟ್ ಐಬಿಡಿ ಎಂಬ ಒಂದೇ ಫೈಲ್‌ನಲ್ಲಿರುತ್ತದೆ. ಅದು, ಐಬಿಡೇಟಾ1, ಅಂಡೂ ಫೈಲ್‌ಗಳು ಮತ್ತು ರೀಡೂ ಲಾಗ್ ಒಟ್ಟಿಗಿದ್ದರೆ ಮಾತ್ರ ಆ ದತ್ತಾಂಶಕ್ಕೆ ಅರ್ಥ. ಒಂದು ಫೋಲ್ಡರ್ ಮಾತ್ರ ತಂದು ಹೊಸ ಸ್ಥಾಪನೆಯೊಳಗೆ ಇಟ್ಟರೆ ಸರ್ವರ್ ಆ ಟೇಬಲ್‌ಗಳನ್ನು ಗುರುತಿಸುವುದಿಲ್ಲ.

ದತ್ತಾಂಶ ಬೇಡವೇ ಬೇಡ, ಕಲಿಕೆಗೆ ಹಾಕಿದ್ದು ಎನ್ನುವವರು ಹಂತ 8ಕ್ಕೆ ಜಿಗಿಯಬಹುದು. ಉಳಿದವರು ನಕಲು ಮುಗಿಯುವ ತನಕ ಕಾಯಿರಿ.

## ಹಂತ 2: ಎರರ್ ಲಾಗ್ ಓದಿ

ವಿಂಡೋಸ್ ತೋರಿಸುವ ಸಂದೇಶ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ದೋಷ ಸಂಖ್ಯೆ 1067 ಎಂದರೆ ‘ಪ್ರಕ್ರಿಯೆ ಅನಿರೀಕ್ಷಿತವಾಗಿ ನಿಂತಿತು’ ಎಂದಷ್ಟೇ. ಜ್ವರ ಇದೆ ಎಂದು ಹೇಳುತ್ತದೆ, ಯಾವ ಜ್ವರ ಎಂದು ಹೇಳುವುದಿಲ್ಲ. ಅಷ್ಟಾದರೂ ನಾಲ್ಕು ಸಂಖ್ಯೆಗಳು ಉಪಯೋಗಕ್ಕೆ ಬರುತ್ತವೆ. 2 ಎಂದರೆ ಸರ್ವಿಸ್ ಹುಡುಕುತ್ತಿರುವ ಫೈಲೇ ಆ ಜಾಗದಲ್ಲಿಲ್ಲ. 1069 ಎಂದರೆ ಸರ್ವಿಸ್ ಓಡಬೇಕಾದ ಖಾತೆಯ ಲಾಗಿನ್ ವಿಫಲವಾಗಿದೆ. 1053 ಎಂದರೆ ಕೊಟ್ಟ ಸಮಯದೊಳಗೆ ಸರ್ವಿಸ್ ಉತ್ತರಿಸಲಿಲ್ಲ. 1072 ಎಂದರೆ ಸರ್ವಿಸ್‌ಗೆ ಅಳಿಸುವ ಗುರುತು ಬಿದ್ದಿದೆ, ಆದರೆ ಇನ್ನೂ ಅಳಿದಿಲ್ಲ. ಸರ್ವಿಸಸ್ ಕಿಟಕಿ ತೆರೆದೇ ಇದ್ದರೆ ಮುಚ್ಚಿ, ಹೆಚ್ಚಿನ ಸಲ ಅಷ್ಟಕ್ಕೇ ಬಗೆಹರಿಯುತ್ತದೆ.

ನಿಜವಾದ ಕಾರಣ ಇರುವುದು ಮೈಎಸ್‌ಕ್ಯೂಎಲ್‌ನ ಸ್ವಂತ ಲಾಗ್‌ನಲ್ಲಿ. ವಿಂಡೋಸ್‌ನಲ್ಲಿ ಡೇಟಾ ಫೋಲ್ಡರ್‌ನೊಳಗೆ ನಿಮ್ಮ ಕಂಪ್ಯೂಟರ್‌ನ ಹೆಸರಿನ ಕೊನೆಗೆ ಡಾಟ್ ಇಆರ್‌ಆರ್ ಸೇರಿಸಿದ ಫೈಲ್ ಇರುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ /ವಾರ್/ಲಾಗ್/ಮೈಎಸ್‌ಕ್ಯೂಎಲ್ ಫೋಲ್ಡರ್‌ನ ಎರರ್ ಡಾಟ್ ಲಾಗ್. ರೆಡ್‌ಹ್ಯಾಟ್ ಬಳಗದಲ್ಲಿ /ವಾರ್/ಲಾಗ್‌ನ ಮೈಎಸ್‌ಕ್ಯೂಎಲ್‌ಡಿ ಡಾಟ್ ಲಾಗ್. ಅಲ್ಲಿ ಏನೂ ಇಲ್ಲದಿದ್ದರೆ ‘ಜರ್ನಲ್‌ಸಿಟಿಎಲ್ -ಯು ಮೈಎಸ್‌ಕ್ಯೂಎಲ್’ (ರೆಡ್‌ಹ್ಯಾಟ್ ಬಳಗದಲ್ಲಿ ಕೊನೆಯ ಪದ ಮೈಎಸ್‌ಕ್ಯೂಎಲ್‌ಡಿ) ಓಡಿಸಿ.

ಓದುವ ಕ್ರಮದಲ್ಲೇ ಹೆಚ್ಚಿನವರು ಎಡವುತ್ತಾರೆ. ಲಾಗ್‌ನ ಕೊನೆಯ ಸಾಲು ಸಾಮಾನ್ಯವಾಗಿ ‘ಅಬಾರ್ಟಿಂಗ್’ ಅಥವಾ ‘ಶಟ್‌ಡೌನ್ ಕಂಪ್ಲೀಟ್’. ಅದನ್ನು ಹುಡುಕಾಟಕ್ಕೆ ಹಾಕಿದರೆ ಜಗತ್ತಿನ ಎಲ್ಲ ದೋಷಗಳೂ ಎದುರು ಬಂದು ನಿಲ್ಲುತ್ತವೆ. ಕೆಳಗಿನಿಂದ ಮೇಲಕ್ಕೆ ಹೋಗಿ, ಇತ್ತೀಚಿನ ಪ್ರಯತ್ನ ಯಾವ ಸಮಯಕ್ಕೆ ಶುರುವಾಯಿತು ಎಂದು ನೋಡಿ, ಅಲ್ಲಿಂದ ಕೆಳಕ್ಕೆ ಬರುತ್ತ ಮೊದಲು ಸಿಗುವ ‘ಎರರ್’ ಗುರುತಿನ ಸಾಲನ್ನು ಹಿಡಿಯಿರಿ. ಒಂದು ಮಾದರಿ (ಇನ್ನೋಡಿಬಿ ಎಂದರೆ ಟೇಬಲ್‌ಗಳನ್ನು ಡಿಸ್ಕ್‌ನಲ್ಲಿ ಇಡುವ ಮೈಎಸ್‌ಕ್ಯೂಎಲ್‌ನ ಭಾಗ, ಡಿಡಿ ಎಂದರೆ ಡೇಟಾ ಡಿಕ್ಷನರಿ, ಅಂದರೆ ಟೇಬಲ್‌ಗಳ ವಿವರ):

ಎರರ್, ಇನ್ನೋಡಿಬಿ: ಅನ್‌ಏಬಲ್ ಟು ಲಾಕ್ ./ಐಬಿಡೇಟಾ1, ಎರರ್: 11
ಎರರ್, ಪ್ಲಗಿನ್ ಇನಿಶಿಯಲೈಸೇಶನ್ ಅಬಾರ್ಟೆಡ್
ಎರರ್, ಫೇಲ್ಡ್ ಟು ಇನಿಶಿಯಲೈಸ್ ಡಿಡಿ ಸ್ಟೋರೇಜ್ ಎಂಜಿನ್
ಎರರ್, ಅಬಾರ್ಟಿಂಗ್

ಮೂರನೆಯ ಸಾಲು ನೋಡಿದವರು ಡೇಟಾ ಡಿಕ್ಷನರಿ ಹಾಳಾಗಿದೆ ಎಂದು ಗಾಬರಿಯಾಗಿ ಫೋಲ್ಡರ್ ಅಳಿಸುತ್ತಾರೆ. ಮೊದಲ ಸಾಲು ಹೇಳುತ್ತಿರುವುದು ಬೇರೆಯೇ: ಆ ಫೈಲ್ ಅನ್ನು ಇನ್ನೊಂದು ಪ್ರಕ್ರಿಯೆ ಹಿಡಿದುಕೊಂಡಿದೆ. ಹಳೆಯ ಮೈಎಸ್‌ಕ್ಯೂಎಲ್ ಸಾಯದೆ ಹಿಂದೆ ಓಡುತ್ತಿದೆ ಎಂದರ್ಥ. ದತ್ತಾಂಶಕ್ಕೆ ಏನೂ ಆಗಿಲ್ಲ. ಒಂದು ಸಾಲು ಬಿಟ್ಟು ಓದಿದ್ದಕ್ಕೆ ಇಡೀ ಡೇಟಾಬೇಸ್ ಕಳೆದುಕೊಳ್ಳುವುದು ಹೀಗೆಯೇ.

ಸಂಖ್ಯೆಗಳನ್ನೂ ಗಮನಿಸಿ. ಲಿನಕ್ಸ್‌ನಲ್ಲಿ 2 ಎಂದರೆ ಫೈಲ್ ಇಲ್ಲ, 11 ಎಂದರೆ ಬೇರೆಯವರು ಹಿಡಿದಿದ್ದಾರೆ, 13 ಎಂದರೆ ಅನುಮತಿ ಇಲ್ಲ, 28 ಎಂದರೆ ಡಿಸ್ಕ್‌ನಲ್ಲಿ ಜಾಗವಿಲ್ಲ. ವಿಂಡೋಸ್‌ನಲ್ಲಿ ಅನುಮತಿಯ ದೋಷಕ್ಕೆ 5, ಫೈಲ್ ಬೇರೆಯವರ ಹಿಡಿತದಲ್ಲಿದ್ದರೆ 32.

ಲಾಗ್‌ನಲ್ಲಿ ಇವತ್ತಿನ ಸಮಯದ ಒಂದು ಸಾಲೂ ಇಲ್ಲವೇ? ಅದೂ ಒಂದು ಸುಳಿವೇ. ಸರ್ವರ್ ಲಾಗ್ ಬರೆಯುವ ಹಂತಕ್ಕೂ ತಲುಪಿಲ್ಲ, ಇಲ್ಲವೇ ನೀವು ನೋಡುತ್ತಿರುವುದು ಬೇರೆ ಫೋಲ್ಡರ್‌ನ ಲಾಗ್. ಹಂತ 3 ಮತ್ತು 4 ನಿಮಗೆ.

## ಹಂತ 3: ಸರ್ವಿಸ್ ಯಾವ ಫೈಲ್‌ಗಳನ್ನು ನಂಬಿದೆ?

ವಿಂಡೋಸ್‌ನಲ್ಲಿ ‘ಎಸ್‌ಸಿ ಕ್ಯೂಸಿ ಮೈಎಸ್‌ಕ್ಯೂಎಲ್80’ ಎಂಬ ಆಜ್ಞೆ ಕೊಡಿ. ಬರುವ ಉತ್ತರದಲ್ಲಿ ‘ಬೈನರಿ ಪಾತ್ ನೇಮ್’ ಎಂಬ ಸಾಲಿನಲ್ಲಿ ಎರಡು ವಿಷಯ ನೋಡಿ: ಮೈಎಸ್‌ಕ್ಯೂಎಲ್‌ಡಿ ಎಂಬ ಸರ್ವರ್ ಪ್ರೋಗ್ರಾಂ ಯಾವ ಜಾಗದ್ದು, ಡಿಫಾಲ್ಟ್ಸ್-ಫೈಲ್ ಎಂಬುದರ ಮುಂದಿರುವ ಕಾನ್ಫಿಗ್ ಫೈಲ್, ಅಂದರೆ ಮೈ ಡಾಟ್ ಐಎನ್‌ಐ, ಯಾವ ಜಾಗದ್ದು. ಮರುಸ್ಥಾಪನೆಯಲ್ಲಿ ನೀವು ಡ್ರೈವ್ ಅಥವಾ ಆವೃತ್ತಿ ಬದಲಿಸಿದ್ದರೆ ಹಳೆಯ ನೋಂದಣಿ ಈಗಲೂ ಇಲ್ಲದ ಫೈಲ್‌ಗಳತ್ತ ಬೊಟ್ಟು ಮಾಡುತ್ತಿರಬಹುದು.

ಇದನ್ನು ಮೊದಲು ನೋಡಿ ಎಂದು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ನನ್ನದೇ ಯಂತ್ರದಲ್ಲಿ ಅರ್ಧ ದಿನ ಮೈ ಡಾಟ್ ಐಎನ್‌ಐ ತಿದ್ದುತ್ತ ಕುಳಿತಿದ್ದೆ. ಪೋರ್ಟ್ ಬದಲಿಸಿದೆ, ದಾರಿ ಬದಲಿಸಿದೆ, ಕೊನೆಗೆ ಬೇಕೆಂದೇ ಅಸಂಬದ್ಧ ಸಾಲೊಂದನ್ನು ಸೇರಿಸಿದೆ. ದೋಷ ಒಂದಕ್ಷರವೂ ಬದಲಾಗಲಿಲ್ಲ. ಆಗ ಹೊಳೆಯಿತು: ಸರ್ವಿಸ್ ಓದುತ್ತಿದ್ದ ಫೈಲ್ ಪ್ರೋಗ್ರಾಂಡೇಟಾದಲ್ಲಿತ್ತು, ನಾನು ತಿದ್ದುತ್ತಿದ್ದದ್ದು ಪ್ರೋಗ್ರಾಂ ಫೈಲ್ಸ್‌ನಲ್ಲಿದ್ದದ್ದು. ತಿದ್ದಿದ ಮೇಲೂ ದೋಷ ಚೂರೂ ಅಲುಗಾಡದಿದ್ದರೆ ತಪ್ಪು ಫೈಲ್ ಹಿಡಿದಿದ್ದೀರಿ ಎಂದೇ ತಿಳಿಯಿರಿ.

ನೋಂದಣಿ ಹಳೆಯದಾಗಿದ್ದರೆ ‘ಎಸ್‌ಸಿ ಡಿಲೀಟ್ ಮೈಎಸ್‌ಕ್ಯೂಎಲ್80’ ಎಂದು ತೆಗೆದು, ಹೊಸ ಪ್ರೋಗ್ರಾಂ ಇರುವ ಬಿನ್ ಫೋಲ್ಡರ್‌ನಿಂದ ‘ಮೈಎಸ್‌ಕ್ಯೂಎಲ್‌ಡಿ --ಇನ್‌ಸ್ಟಾಲ್ ಮೈಎಸ್‌ಕ್ಯೂಎಲ್80 --ಡಿಫಾಲ್ಟ್ಸ್-ಫೈಲ್=’ ಎಂದು ಬರೆದು ಮುಂದೆ ಸರಿಯಾದ ಪೂರ್ಣ ದಾರಿ ಕೊಡಿ. ಈ ಆಜ್ಞೆ ಸರ್ವಿಸ್‌ನ ನೋಂದಣಿಯನ್ನಷ್ಟೇ ಮುಟ್ಟುತ್ತದೆ, ದತ್ತಾಂಶವನ್ನಲ್ಲ. ಆದರೆ ಹೀಗೆ ಕೈಯಾರೆ ನೋಂದಾಯಿಸಿದ ಸರ್ವಿಸ್ ಲೋಕಲ್ ಸಿಸ್ಟಮ್ ಖಾತೆಯಲ್ಲಿ ಓಡುತ್ತದೆ. ಮೊದಲಿನಂತೆ ನೆಟ್‌ವರ್ಕ್ ಸರ್ವಿಸ್ ಖಾತೆ ಬೇಕಿದ್ದರೆ ಸರ್ವಿಸಸ್ ಕಿಟಕಿಯ ಲಾಗ್ ಆನ್ ಪುಟದಲ್ಲಿ ಬದಲಿಸಿ.

ಉಬುಂಟು, ಡೆಬಿಯನ್‌ಗಳಲ್ಲಿ ಇದೇ ತರಹದ ಬೇರೊಂದು ಗುಂಡಿ ಇದೆ. ‘ಪೂರ್ತಿ ಸ್ವಚ್ಛ ಮಾಡೋಣ’ ಎಂದು /ಇಟಿಸಿ/ಮೈಎಸ್‌ಕ್ಯೂಎಲ್ ಫೋಲ್ಡರ್ ಅನ್ನು ಕೈಯಿಂದ ಅಳಿಸಿದವರಿಗೆ ಮರುಸ್ಥಾಪನೆಯ ನಂತರವೂ ಅದು ಸರಿಯಾಗಿ ವಾಪಸ್ ಬರುವುದಿಲ್ಲ. ಕಾನ್ಫಿಗ್ ಫೈಲ್ ಅಳಿಸಿದ್ದು ನಿಮ್ಮ ಇಚ್ಛೆ ಎಂದು ಪ್ಯಾಕೇಜ್ ಹಾಕುವ ಸಾಧನವಾದ ಡಿಪಿಕೆಜಿ ಗೌರವಿಸುತ್ತದೆ, ಮತ್ತೆ ಇಡುವುದಿಲ್ಲ. ಡಿಪಿಕೆಜಿಗೆ ‘--ಫೋರ್ಸ್-ಕಾನ್ಫ್‌ಮಿಸ್’ ಆಯ್ಕೆ ಕೊಟ್ಟು ಸರ್ವರ್ ಮತ್ತು ಮೈಎಸ್‌ಕ್ಯೂಎಲ್-ಕಾಮನ್ ಪ್ಯಾಕೇಜ್‌ಗಳನ್ನು ಮತ್ತೆ ಹಾಕಿಸಬೇಕು. ‘ಪರ್ಜ್’ (ಕಾನ್ಫಿಗ್ ಸಮೇತ ತೆಗೆಯುವುದು) ಮಾಡಿ ಮತ್ತೆ ಹಾಕಿದರೂ ಆಗುತ್ತದೆ. ಆದರೆ ಆ ವೇಳೆ ಎಲ್ಲ ಡೇಟಾಬೇಸ್‌ಗಳನ್ನು ಅಳಿಸಲೇ ಎಂಬ ಪ್ರಶ್ನೆ ಪರದೆಗೆ ಬರುತ್ತದೆ. ಓದದೆ ಹೌದು ಎನ್ನುವ ಅಭ್ಯಾಸಬಲ ಅಲ್ಲಿ ದುಬಾರಿ.

## ಹಂತ 4: ಕಾನ್ಫಿಗ್ ಫೈಲ್ ತಪಾಸಣೆ

8.0.16ರಿಂದ ಈಚೆಗೆ ಇದಕ್ಕೊಂದು ಸುಲಭ ದಾರಿ ಬಂದಿದೆ. ಸರ್ವಿಸ್ ಶುರು ಮಾಡದೆ ‘ಮೈಎಸ್‌ಕ್ಯೂಎಲ್‌ಡಿ --ಡಿಫಾಲ್ಟ್ಸ್-ಫೈಲ್=ದಾರಿ --ವ್ಯಾಲಿಡೇಟ್-ಕಾನ್ಫಿಗ್’ ಓಡಿಸಿ. ಡಿಫಾಲ್ಟ್ಸ್-ಫೈಲ್ ಎಂಬುದು ಮೊದಲ ಆಯ್ಕೆಯಾಗಿಯೇ ಇರಬೇಕು, ಹಿಂದೆ ಹೋದರೆ ದೂರು ಬರುತ್ತದೆ. ತಪ್ಪಿದ್ದರೆ ಹೆಸರು ಹಿಡಿದು ಹೇಳುತ್ತದೆ. ಇಲ್ಲದಿದ್ದರೆ ಏನೂ ಹೇಳದೆ ಮುಗಿಯುತ್ತದೆ. ಆ ಮೌನವೇ ಒಳ್ಳೆಯ ಸುದ್ದಿ.

ಇಲ್ಲಿ ಸಿಗುವ ತಪ್ಪುಗಳು ಕೆಲವೇ, ಆದರೆ ಮತ್ತೆ ಮತ್ತೆ ಸಿಗುತ್ತವೆ.

ಕಾಲ ಮುಗಿದ ಆಯ್ಕೆಗಳು. 5.7ರ ಫೈಲ್ ಅನ್ನು 8.0ಕ್ಕೆ ಹಾಗೇ ತಂದರೆ ಕ್ವೆರಿ ಕ್ಯಾಶ್‌ನ ಸಾಲುಗಳು, ಎಸ್‌ಕ್ಯೂಎಲ್ ಮೋಡ್‌ನಲ್ಲಿರುವ ‘ನೋ ಆಟೋ ಕ್ರಿಯೇಟ್ ಯೂಸರ್’ ಸರ್ವರ್ ಅನ್ನು ತಡೆಯುತ್ತವೆ. 8.0ರಿಂದ 8.4ಕ್ಕೆ ಬಂದವರಿಗೆ ‘ಡಿಫಾಲ್ಟ್ ಅಥೆಂಟಿಕೇಶನ್ ಪ್ಲಗಿನ್’ ಸಾಲು ಅದೇ ಕೆಲಸ ಮಾಡುತ್ತದೆ. ಲಾಗ್‌ನಲ್ಲಿ ‘ಅನ್‌ನೋನ್ ವೇರಿಯೆಬಲ್’ ಕಂಡರೆ ಆ ಸಾಲಿನ ಆರಂಭದಲ್ಲಿ # ಹಾಕಿ ನಿಷ್ಕ್ರಿಯಗೊಳಿಸಿ.

ಎನ್‌ಕೋಡಿಂಗ್. ‘ಫೌಂಡ್ ಆಪ್ಶನ್ ವಿದೌಟ್ ಪ್ರಿಸೀಡಿಂಗ್ ಗ್ರೂಪ್’ ಎಂಬ ದೂರು ಒಂದನೇ ಸಾಲಿಗೇ ಬಂದರೆ, ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. ಎಡಿಟರ್ ಫೈಲ್‌ನ ತಲೆಗೆ ಬಿಒಎಂ ಎಂಬ ಕಾಣದ ಗುರುತು ಅಂಟಿಸಿದೆ. ಎಎನ್‌ಎಸ್‌ಐ ಅಥವಾ ಬಿಒಎಂ ಇಲ್ಲದ ಯುಟಿಎಫ್-8 ಆಗಿ ಉಳಿಸಿ. ಫೈಲ್ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಕೊಂಡಿದೆಯೇ ಎಂದೂ ನೋಡಿ. ವಿಂಡೋಸ್ ವಿಸ್ತರಣೆಯನ್ನು ಅಡಗಿಸಿಟ್ಟರೆ ಇದು ಕಾಣುವುದಿಲ್ಲ.

ಓರೆಗೆರೆ. ವಿಂಡೋಸ್ ದಾರಿಗಳಲ್ಲಿ ಹಿಂದಕ್ಕೆ ವಾಲಿದ ಗೆರೆ (\) ಬರೆದರೆ ಮೈಎಸ್‌ಕ್ಯೂಎಲ್ ಅದರ ಮುಂದಿನ ಅಕ್ಷರಕ್ಕೆ ಬೇರೆ ಅರ್ಥ ಕೊಡಬಹುದು. ಗೆರೆಯ ಮುಂದೆ ಎಸ್ ಬಂದರೆ ಅದು ಖಾಲಿ ಜಾಗವಾಗಿ ಬಿಡುತ್ತದೆ. ಹೀಗಾಗಿ ದಾರಿಗಳನ್ನು ಮುಂದಕ್ಕೆ ವಾಲಿದ ಗೆರೆಯಲ್ಲಿ (/) ಬರೆಯಿರಿ.

ವಿಂಡೋಸ್‌ನಲ್ಲಿ ಈ ತಪಾಸಣೆಯ ಆಜ್ಞೆಯೇ ಓಡದೆ ಯಾವುದೋ ಡಿಎಲ್‌ಎಲ್ ಇಲ್ಲ ಎಂದರೆ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕಿ. ಹಳೆಯ ತಂತ್ರಾಂಶಗಳನ್ನು ಒಟ್ಟಿಗೆ ತೆಗೆಯುವಾಗ ಇದೂ ಹೋಗಿರುತ್ತದೆ.

## ಹಂತ 5: ಪೋರ್ಟ್ ಮತ್ತು ಸಾಯದ ಹಳೆಯ ಪ್ರಕ್ರಿಯೆ

ಮೈಎಸ್‌ಕ್ಯೂಎಲ್‌ನ ಪೋರ್ಟ್ 3306. ವಿಂಡೋಸ್‌ನಲ್ಲಿ ‘ನೆಟ್‌ಸ್ಟ್ಯಾಟ್ -ಎಎನ್‌ಒ’, ಲಿನಕ್ಸ್‌ನಲ್ಲಿ ‘ಎಸ್‌ಎಸ್ -ಎಲ್‌ಟಿಎನ್‌ಪಿ’ ಓಡಿಸಿ ಅದನ್ನು ಯಾರು ಹಿಡಿದಿದ್ದಾರೆ ನೋಡಿ. ವಿಂಡೋಸ್‌ನಲ್ಲಿ ಸಾಲಿನ ಕೊನೆಯ ಸಂಖ್ಯೆ ಪ್ರಕ್ರಿಯೆಯ ಗುರುತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದೇ ಸಂಖ್ಯೆ ಹುಡುಕಿ. ಸಾಮಾನ್ಯವಾಗಿ ಸಿಗುವುದು ಜಾಂಪ್ (ಎಕ್ಸ್‌ಎಎಂಪಿಪಿ) ಜೊತೆ ಬಂದ, ಮೈಎಸ್‌ಕ್ಯೂಎಲ್‌ನ ಕವಲಾದ ಮರಿಯಾಡಿಬಿ, ಡಾಕರ್‌ನ ಒಂದು ಕಂಟೇನರ್, ಇಲ್ಲವೇ ಹಂತ 2ರಲ್ಲಿ ಕಂಡ ಹಳೆಯ ಮೈಎಸ್‌ಕ್ಯೂಎಲ್.

ಹಳೆಯ ಮೈಎಸ್‌ಕ್ಯೂಎಲ್ ಆಗಿದ್ದರೆ ಬಲವಂತವಾಗಿ ಕೊಲ್ಲುವ ಮೊದಲು ‘ಮೈಎಸ್‌ಕ್ಯೂಎಲ್‌ಅಡ್ಮಿನ್ -ಯು ರೂಟ್ -ಪಿ ಶಟ್‌ಡೌನ್’ ಪ್ರಯತ್ನಿಸಿ. ನೆಮ್ಮದಿಯಾಗಿ ಮುಚ್ಚಿದ ಸರ್ವರ್‌ನ ಫೈಲ್‌ಗಳು ಮುಂದೆ ತೊಂದರೆ ಕೊಡುವುದು ಕಡಿಮೆ. ಲಾಗ್‌ನಲ್ಲಿ 33060 ಪೋರ್ಟ್ ಬಗ್ಗೆ ದೂರಿದ್ದರೆ ಅದನ್ನು ಬೆನ್ನಟ್ಟಬೇಡಿ, ಅದು ಎಕ್ಸ್ ಪ್ಲಗಿನ್ ಎಂಬ ಹೆಚ್ಚುವರಿ ಭಾಗದ್ದು, ಸರ್ವರ್ ಏಳುವುದನ್ನು ತಡೆಯುವುದಿಲ್ಲ.

## ಹಂತ 6: ಅನುಮತಿ

ಲಿನಕ್ಸ್‌ನಲ್ಲಿ ಡೇಟಾ ಫೋಲ್ಡರ್ ಮೈಎಸ್‌ಕ್ಯೂಎಲ್ ಎಂಬ ಬಳಕೆದಾರನ ಸ್ವತ್ತಾಗಿರಬೇಕು. ಸುಡೊ ಹಾಕಿ ನಕಲು ಮಾಡಿ ವಾಪಸ್ ಇಟ್ಟರೆ ಅದು ರೂಟ್‌ನ ಸ್ವತ್ತಾಗುತ್ತದೆ, ಸರ್ವರ್‌ಗೆ ಒಳಗೆ ಪ್ರವೇಶವಿರುವುದಿಲ್ಲ. ‘ಚೋನ್ -ಆರ್ ಮೈಎಸ್‌ಕ್ಯೂಎಲ್:ಮೈಎಸ್‌ಕ್ಯೂಎಲ್ /ವಾರ್/ಲಿಬ್/ಮೈಎಸ್‌ಕ್ಯೂಎಲ್’ ಎಂದು ಸರಿಪಡಿಸಿ (ಚೋನ್ ಎಂದರೆ ಸಿಎಚ್‌ಒಡಬ್ಲ್ಯುಎನ್, ಇಲ್ಲಿನ ಆರ್ ಮಾತ್ರ ದೊಡ್ಡ ಅಕ್ಷರ). ಎಲ್ಲದಕ್ಕೂ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡುವ ಮದ್ದು ಬೇಡ: ದತ್ತಾಂಶ ಊರಿಗೆಲ್ಲ ತೆರೆದಂತಾಗುವುದು ಒಂದು, ಎಲ್ಲರೂ ಬರೆಯಬಹುದಾದ ಕಾನ್ಫಿಗ್ ಫೈಲ್ ಅನ್ನು ಮೈಎಸ್‌ಕ್ಯೂಎಲ್ ಓದುವುದೇ ಇಲ್ಲ ಎಂಬುದು ಇನ್ನೊಂದು.

ಒಡೆತನ ಸರಿಯಿದ್ದೂ 13 ಬರುತ್ತಿದ್ದರೆ ಕಾವಲುಗಾರ ಬೇರೆ ಇದ್ದಾನೆ. ಉಬುಂಟುವಿನಲ್ಲಿ ಆಪ್‌ಆರ್ಮರ್, ರೆಡ್‌ಹ್ಯಾಟ್ ಬಳಗದಲ್ಲಿ ಎಸ್‌ಇಲಿನಕ್ಸ್. ಡೇಟಾ ಫೋಲ್ಡರ್ ಅನ್ನು ಬೇರೆ ಡಿಸ್ಕ್‌ಗೆ ಸರಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಉಬುಂಟುವಿನಲ್ಲಿ ‘ಡಿಎಂಇಎಸ್‌ಜಿ’ ಆಜ್ಞೆಯ ಔಟ್‌ಪುಟ್‌ನಲ್ಲಿ, ರೆಡ್‌ಹ್ಯಾಟ್ ಬಳಗದಲ್ಲಿ /ವಾರ್/ಲಾಗ್/ಆಡಿಟ್ ಫೋಲ್ಡರ್‌ನ ಆಡಿಟ್ ಡಾಟ್ ಲಾಗ್‌ನಲ್ಲಿ ‘ಡಿನೈಡ್’ ಪದ ಹುಡುಕಿ. ಆಪ್‌ಆರ್ಮರ್ ಆದರೆ ಅದರ ಮೈಎಸ್‌ಕ್ಯೂಎಲ್‌ಡಿ ಪ್ರೊಫೈಲ್‌ಗೆ ಹೊಸ ದಾರಿ ಸೇರಿಸಿ. ಎಸ್‌ಇಲಿನಕ್ಸ್ ಆದರೆ ಆ ಫೋಲ್ಡರ್‌ಗೆ ‘ಮೈಎಸ್‌ಕ್ಯೂಎಲ್‌ಡಿ_ಡಿಬಿ_ಟಿ’ ಎಂಬ ಗುರುತು ಕೊಟ್ಟು ‘ರಿಸ್ಟೋರ್‌ಕಾನ್’ ಓಡಿಸಿ. ಕಾವಲನ್ನೇ ಕಾಯಂ ಆಗಿ ಕಿತ್ತುಹಾಕುವ ಸಲಹೆ ಎಲ್ಲೆಡೆ ಸಿಗುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ.

ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಸರ್ವಿಸ್ ಅನ್ನು ನೆಟ್‌ವರ್ಕ್ ಸರ್ವಿಸ್ ಖಾತೆಯಲ್ಲಿ ಓಡಿಸುತ್ತದೆ. ಡೇಟಾ ಫೋಲ್ಡರ್‌ನ ಸೆಕ್ಯುರಿಟಿ ಪುಟದಲ್ಲಿ ಆ ಖಾತೆಗೆ ಪೂರ್ಣ ಹಕ್ಕು ಇದೆಯೇ ನೋಡಿ. ಹೊರಗಿನಿಂದ ನಕಲು ಮಾಡಿ ತಂದ ಫೋಲ್ಡರ್‌ಗೆ ಬಹಳ ಸಲ ಇರುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಿಂದ ‘--ಕನ್ಸೋಲ್’ ಆಯ್ಕೆ ಕೊಟ್ಟು ಓಡಿಸಿದರೆ ಸರ್ವರ್ ಏಳುತ್ತದೆ, ಸರ್ವಿಸ್ ಆಗಿ ಮಾತ್ರ ಏಳುವುದಿಲ್ಲ ಎಂದಾದರೆ ಮೊದಲ ಅನುಮಾನ ಇದರ ಮೇಲೆ.

## ಹಂತ 7: ಹಳೆಯ ದತ್ತಾಂಶ, ಹೊಸ ಸರ್ವರ್ ಹೊಂದುತ್ತಿವೆಯೇ?

ಅತ್ಯಂತ ನಾಜೂಕಾದ ಹಂತ ಇದು, ನಿಧಾನವಾಗಿ ಹೋಗಿ.

ಲಾಗ್‌ನಲ್ಲಿ ‘ಡೌನ್‌ಗ್ರೇಡ್’ ಪದವಿದ್ದರೆ ದತ್ತಾಂಶ ಹೊಸ ಆವೃತ್ತಿಯದು, ಹಾಕಿದ ಸರ್ವರ್ ಹಳೆಯದು. 80036 ಎಂಬಂಥ ಸಂಖ್ಯೆ ಕಂಡರೆ ಅದು 8.0.36. ಅದೇ ಆವೃತ್ತಿ ಅಥವಾ ಅದೇ ಸಾಲಿನ ಮುಂದಿನದನ್ನು ಹಾಕಿ. ಮುಂದಕ್ಕೆ ಹೋಗುವಾಗಲೂ ಮೆಟ್ಟಿಲು ಹಾರಬೇಡಿ: 5.7ರಿಂದ 8.0, ಅಲ್ಲಿಂದ 8.4. ಮರಿಯಾಡಿಬಿ ಕೂಡ ಲಿನಕ್ಸ್‌ನಲ್ಲಿ ಅದೇ ಡೇಟಾ ಫೋಲ್ಡರ್ ಬಳಸುತ್ತದೆ. ಹಾಗೆಂದು ಮೈಎಸ್‌ಕ್ಯೂಎಲ್ 8.0ರ ಫೈಲ್‌ಗಳು ಅದಕ್ಕೆ ಅರ್ಥವಾಗುವುದಿಲ್ಲ, ಅದರವು ಇದಕ್ಕೆ ಆಗುವುದಿಲ್ಲ. ನಡುವೆ ಒಮ್ಮೆ ಮರಿಯಾಡಿಬಿ ಹಾಕಿ ನೋಡಿದ್ದೀರಾ ಎಂದು ನೆನಪಿಸಿಕೊಳ್ಳಿ.

‘ಲೋಯರ್ ಕೇಸ್ ಟೇಬಲ್ ನೇಮ್ಸ್’ (ಪದಗಳ ನಡುವೆ ಅಂಡರ್‌ಸ್ಕೋರ್) ಸರ್ವರ್‌ನಲ್ಲಿ ಒಂದು, ಡಿಕ್ಷನರಿಯಲ್ಲಿ ಇನ್ನೊಂದು ಎಂಬ ದೂರು ಬಂದರೆ ಪರಿಹಾರ ಸರಳ: ಡಿಕ್ಷನರಿಯಲ್ಲಿದೆ ಎಂದು ಲಾಗ್ ತೋರಿಸುವ ಬೆಲೆಯನ್ನೇ ಕಾನ್ಫಿಗ್ ಫೈಲ್‌ನಲ್ಲಿ ಬರೆಯಿರಿ. 8.0ರಲ್ಲಿ ಈ ಬೆಲೆ ಮೊದಲ ಬಾರಿ ಡೇಟಾ ಫೋಲ್ಡರ್ ಸಿದ್ಧಪಡಿಸುವಾಗ ನಿಗದಿಯಾಗುತ್ತದೆ, ಆಮೇಲೆ ಬದಲಿಸಲಾಗದು.

ಇನ್ನೋಡಿಬಿ ಫೈಲ್ ಹಾಳಾಗಿದೆ ಎಂದು ಲಾಗ್ ಸ್ಪಷ್ಟವಾಗಿ ಹೇಳಿದರೆ ಮಾತ್ರ ‘ಇನ್ನೋಡಿಬಿ ಫೋರ್ಸ್ ರಿಕವರಿ’ (ಇಲ್ಲೂ ಪದಗಳ ನಡುವೆ ಅಂಡರ್‌ಸ್ಕೋರ್) ಯೋಚಿಸಿ. ಕಾನ್ಫಿಗ್‌ನಲ್ಲಿ 1 ಎಂದು ಹಾಕಿ ಪ್ರಯತ್ನಿಸಿ, ಏಳದಿದ್ದರೆ 2, ನಂತರ 3. ಎದ್ದ ಕೂಡಲೇ ‘ಮೈಎಸ್‌ಕ್ಯೂಎಲ್‌ಡಂಪ್’ನಿಂದ ಎಲ್ಲವನ್ನೂ ಹೊರತೆಗೆಯಿರಿ; ಆ ಸ್ಥಿತಿಯಲ್ಲಿ ದಿನನಿತ್ಯದ ಕೆಲಸಕ್ಕೆ ಇಳಿಯಬೇಡಿ. 4 ಮತ್ತು ಮೇಲಿನ ಬೆಲೆಗಳು ಫೈಲ್‌ಗಳನ್ನು ಶಾಶ್ವತವಾಗಿ ಕೆಡಿಸಬಲ್ಲವು, ಆದ್ದರಿಂದ ಅವುಗಳ ಪ್ರಯೋಗ ನಕಲಿನ ಮೇಲೆ ಮಾತ್ರ.

‘ಐಬಿ_ಲಾಗ್‌ಫೈಲ್0, 1 ಅಳಿಸಿ, ಸರಿಹೋಗುತ್ತದೆ’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. 8.0.30ರಿಂದ ಅವುಗಳ ಜಾಗದಲ್ಲಿ #ಇನ್ನೋಡಿಬಿ_ರೀಡೂ ಎಂಬ ಫೋಲ್ಡರ್ ಇದೆ. ಸರ್ವರ್ ಹಠಾತ್ತನೆ ನಿಂತಿದ್ದರೆ ಟೇಬಲ್‌ಗೆ ಇನ್ನೂ ಸೇರದ ಬದಲಾವಣೆಗಳು ಇರುವುದೇ ಆ ಲಾಗ್‌ನಲ್ಲಿ. ಅಳಿಸಿದರೆ ಅವು ಹೋದವು, ಜೊತೆಗೆ ಟೇಬಲ್‌ಗಳೂ ತಾಳ ತಪ್ಪುತ್ತವೆ.

## ಹಂತ 8: ಹೊಸ ಡೇಟಾ ಫೋಲ್ಡರ್ ಸಿದ್ಧಪಡಿಸುವುದು

ನಕಲು ಸುರಕ್ಷಿತವಾಗಿದ್ದು ಹಳೆಯ ಫೋಲ್ಡರ್ ಕೈಬಿಡಲು ನಿರ್ಧರಿಸಿದ್ದರೆ, ಅಥವಾ ಮೈಎಸ್‌ಕ್ಯೂಎಲ್‌ನ ಮೂಲ ಟೇಬಲ್‌ಗಳೇ ಇಲ್ಲ ಎಂದು ಲಾಗ್ ಹೇಳಿದರೆ, ಹೊಸದಾಗಿ ಶುರು ಮಾಡಬೇಕು. ಡೇಟಾ ಫೋಲ್ಡರ್ ಪೂರ್ತಿ ಖಾಲಿ ಇರಬೇಕು. ಒಂದು ಹಳೆಯ ಲಾಗ್ ಫೈಲ್ ಉಳಿದಿದ್ದರೂ ‘ಫೋಲ್ಡರ್‌ನಲ್ಲಿ ಫೈಲ್‌ಗಳಿವೆ’ ಎಂದು ಹೇಳಿ ಕೆಲಸ ನಿಲ್ಲಿಸುತ್ತದೆ.

ವಿಂಡೋಸ್‌ನಲ್ಲಿ ‘ಮೈಎಸ್‌ಕ್ಯೂಎಲ್‌ಡಿ --ಡಿಫಾಲ್ಟ್ಸ್-ಫೈಲ್=ದಾರಿ --ಇನಿಶಿಯಲೈಸ್ --ಕನ್ಸೋಲ್’ ಓಡಿಸಿದರೆ ರೂಟ್‌ನ ತಾತ್ಕಾಲಿಕ ಪಾಸ್‌ವರ್ಡ್ ಪರದೆಯ ಮೇಲೇ ಬರುತ್ತದೆ. ಲಿನಕ್ಸ್‌ನಲ್ಲಿ ‘--ಇನಿಶಿಯಲೈಸ್’ ಜೊತೆಗೆ ‘--ಯೂಸರ್=ಮೈಎಸ್‌ಕ್ಯೂಎಲ್’ ಸೇರಿಸಲು ಮರೆಯಬೇಡಿ; ಮರೆತರೆ ಫೈಲ್‌ಗಳೆಲ್ಲ ರೂಟ್ ಹೆಸರಿನಲ್ಲಿ ಹುಟ್ಟಿ ಹಂತ 6ಕ್ಕೆ ವಾಪಸ್ ಹೋಗುತ್ತೀರಿ. ಪಾಸ್‌ವರ್ಡ್ ಎರರ್ ಲಾಗ್‌ನಲ್ಲಿರುತ್ತದೆ, ‘ಟೆಂಪರರಿ ಪಾಸ್‌ವರ್ಡ್’ ಎಂದು ಹುಡುಕಿ.

ಹಲವು ಸಲ ಪ್ರಯತ್ನಿಸಿದ ಮೇಲೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ‘ತುಂಬ ಬೇಗ ಬೇಗ ಕೇಳುತ್ತಿದ್ದೀರಿ’ ಎಂಬರ್ಥದ ಸಂದೇಶ ಕೊಟ್ಟು ಬಾಗಿಲು ಹಾಕಿಕೊಳ್ಳುವುದುಂಟು. ‘ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್ ಮೈಎಸ್‌ಕ್ಯೂಎಲ್’ (ರೆಡ್‌ಹ್ಯಾಟ್ ಬಳಗದಲ್ಲಿ ಮೈಎಸ್‌ಕ್ಯೂಎಲ್‌ಡಿ) ಎಂದು ತೆರವುಗೊಳಿಸಿ ಶುರು ಮಾಡಿ.

## ಹಂತ 9: ಎದ್ದಿತು, ಆದರೆ ಪಾಸ್‌ವರ್ಡ್ ಒಪ್ಪುತ್ತಿಲ್ಲ

ಹಳೆಯ ಡೇಟಾ ಫೋಲ್ಡರ್ ಮೇಲೆ ಹೊಸ ಸರ್ವರ್ ಎದ್ದಿದ್ದರೆ ಪಾಸ್‌ವರ್ಡ್ ಕೂಡ ಹಳೆಯದೇ. ಬಳಕೆದಾರರ ಪಟ್ಟಿ ಇರುವುದು ದತ್ತಾಂಶದೊಳಗೆ, ಪ್ರೋಗ್ರಾಂನಲ್ಲಲ್ಲ. ಹೊಸ ತಾತ್ಕಾಲಿಕ ಪಾಸ್‌ವರ್ಡ್‌ಗಾಗಿ ಲಾಗ್ ಜಾಲಾಡಿದರೆ ಸಿಗುವುದಿಲ್ಲ, ಅದು ಹುಟ್ಟಿಯೇ ಇಲ್ಲ. ಉಬುಂಟುವಿನ ಪ್ಯಾಕೇಜ್ ಹೊಸದಾಗಿ ಸಿದ್ಧಪಡಿಸಿದ ಫೋಲ್ಡರ್ ಆದರೆ ರೂಟ್‌ಗೆ ಪಾಸ್‌ವರ್ಡೇ ಇರುವುದಿಲ್ಲ. ‘ಸುಡೊ ಮೈಎಸ್‌ಕ್ಯೂಎಲ್’ ಎಂದರೆ ಒಳಗೆ ಬಿಡುತ್ತದೆ.

ಒಳಗೆ ಹೋದ ಮೇಲೆ ‘ಸೆಲೆಕ್ಟ್ @@ಡೇಟಾಡಿರ್, @@ವರ್ಶನ್’ ಕೇಳಿ. ನೀವು ಅಂದುಕೊಂಡ ಫೋಲ್ಡರ್‌ನಿಂದಲೇ ಓಡುತ್ತಿದೆಯೇ ಎಂಬುದು ಖಚಿತವಾಗುವುದು ಹೀಗೆ. ಡೇಟಾಬೇಸ್‌ಗಳ ಪಟ್ಟಿ ನೋಡಿ, ದೊಡ್ಡ ಟೇಬಲ್ ಒಂದರ ಸಾಲುಗಳನ್ನು ಎಣಿಸಿ. ಕಾನ್ಫಿಗ್‌ನಲ್ಲಿ ಫೋರ್ಸ್ ರಿಕವರಿ ಸಾಲು ಉಳಿದಿದ್ದರೆ ತೆಗೆಯಿರಿ. ಪೂರ್ತಿ ಡಂಪ್ ತೆಗೆದಿಟ್ಟು ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಸರ್ವಿಸ್ ತಾನಾಗಿಯೇ ಏಳುತ್ತದೆಯೇ ನೋಡಿ. ಹಂತ 1ರ ನಕಲನ್ನು ಅಳಿಸುವುದು ಅದಾದ ಮೇಲೆ, ಅದೂ ಆ ಡಂಪ್ ಅನ್ನು ಬೇರೊಂದು ಸರ್ವರ್‌ಗೆ ಹಾಕಿ ತೆರೆದು ನೋಡಿದ ನಂತರ.